ಅರಮನೆಯಿಲ್ಲದ ಕೋಟೆಗಳು

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯಲ್ಲಿ ಕೋಟೆ ಎಂದರೆ ಬಹುಮಟ್ಟಿಗೆ ಬೆಟ್ಟವೇ. ಸಾವನದುರ್ಗ, ಭೈರವನದುರ್ಗ, ರಾಮದೇವರ ಬೆಟ್ಟ, ಕಬ್ಬಾಳದುರ್ಗ, ಯಾವುದನ್ನು ನೋಡಿದರೂ ಕಾವಲಿನ ಮುಕ್ಕಾಲು ಕೆಲಸವನ್ನು ಬಂಡೆ ಮಾಡಿದೆ. ಬಂಡೆ ಎಲ್ಲಿ ಸಡಿಲ ಬಿಟ್ಟಿದೆಯೋ ಅಲ್ಲಿ ಮಾತ್ರ ಪಾಳೆಯಗಾರರು ಗೋಡೆ ಕಟ್ಟಿ, ಬಾಗಿಲು ಇಟ್ಟು, ಮಳೆನೀರು ನಿಲ್ಲುವ ದೊಣೆಗಳನ್ನು ಕಾಯ್ದುಕೊಂಡಿದ್ದಾರೆ. ಬೆಂಗಳೂರಿನ ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಿರುವುದು ಇಂಥ ಕೋಟೆಗಳಿಗೆ. ಬೆಳಗ್ಗೆ ಹೊರಟು ಸಂಜೆ ಮನೆ ಸೇರಬಹುದಾದಷ್ಟು ಹತ್ತಿರ ಇರುವುದು ಇದಕ್ಕೆ ಮೊದಲ ಕಾರಣ. ಇತಿಹಾಸದ ಆಸಕ್ತಿ ಆಮೇಲಿನದು.

ಬೆಟ್ಟಗಳ ಈ ಸಾಲು ಭೂವಿಜ್ಞಾನಿಗಳಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಪರಿಚಿತ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟೆ. 1799ರ ನಂತರ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಅದಕ್ಕೂ ಮೊದಲು ಊರಿಗೆ ಶಂಸೇರಾಬಾದ್ ಎಂಬ ಹೆಸರಿತ್ತು. 2007ರಲ್ಲಿ ರಾಮನಗರ ಜಿಲ್ಲಾ ಕೇಂದ್ರವಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರುಗಳು ಇಷ್ಟು ಬದಲಾದರೂ ಬಂಡೆ ಬದಲಾಗಿಲ್ಲ, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಸಂಖ್ಯೆ ಕೇಳಿದ ಮಕ್ಕಳು ಒಂದು ಕ್ಷಣ ಸುಮ್ಮನಾಗಿ, ಮರುಕ್ಷಣವೇ ಆಗ ಡೈನೋಸಾರ್ ಇತ್ತಾ ಎಂದು ಕೇಳುವುದುಂಟು. ಡೈನೋಸಾರ್‌ಗಳು ಬಂದದ್ದು ಅದೆಷ್ಟೋ ಕಾಲದ ನಂತರ ಎಂದರೆ ಮಕ್ಕಳಿಗೆ ಬಂಡೆಯ ಮೇಲಿನ ಗೌರವ ಹೆಚ್ಚುತ್ತದೆ.

ಕೋಟೆ ನೋಡಲು ಬರುವ ಮಕ್ಕಳ ತಲೆಯಲ್ಲಿರುವ ಕೋಟೆ ಮಾತ್ರ ಬೇರೆ. ಚಿತ್ರಪುಸ್ತಕ, ಕಾರ್ಟೂನುಗಳಿಂದ ಬಂದ ಆ ಕೋಟೆಗೆ ಚೂಪು ಗೋಪುರ, ಸುತ್ತ ನೀರಿನ ಕಂದಕ, ಒಳಗೆ ಸಿಂಹಾಸನ ಇರಬೇಕು. ಫ್ರಾನ್ಸಿನ ಲೂವಾರ್ ನದಿಯ ಕಣಿವೆಯಲ್ಲಿ ಅಂಥವು ನಿಜವಾಗಿಯೂ ಇವೆ. 1519ರಲ್ಲಿ ಕಟ್ಟಲು ತೊಡಗಿದ ಶಾಂಬೋರ್ ಅರಮನೆಯ ಜೋಡಿ ಸುರುಳಿ ಮೆಟ್ಟಿಲಲ್ಲಿ ಮಕ್ಕಳು ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತಾರೆ. ಕಾರ್ಕಸೋನ್‌ನ ಎರಡು ಸುತ್ತಿನ ಗೋಡೆಗಳನ್ನು ಹತ್ತೊಂಬತ್ತನೇ ಶತಮಾನದಲ್ಲೇ ದುರಸ್ತಿ ಮಾಡಿ ನಿಲ್ಲಿಸಿದ್ದಾರೆ. ಫ್ರಾನ್ಸಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಬೇಸಿಗೆ ರಜೆಯಲ್ಲಿ ಅವನ್ನು ನೋಡಿಬರುವುದು ಈಗ ಸಾಮಾನ್ಯ. ಆ ಮಕ್ಕಳು ಊರಿಗೆ ಬಂದಾಗ ಅಜ್ಜಿ ತಾತಂದಿರು ಸಾವನದುರ್ಗಕ್ಕೋ ರಾಮದೇವರ ಬೆಟ್ಟಕ್ಕೋ ಕರೆದೊಯ್ಯುತ್ತಾರೆ. "ತಾತ, ಅರಮನೆ ಎಲ್ಲಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಅರಮನೆ ಇಲ್ಲ ಕಣಪ್ಪ, ಇದೇ ಕೋಟೆ" ಎಂದು ತಾತ ಬಂಡೆ ತೋರಿಸಬೇಕಾಗುತ್ತದೆ.

ಎಪ್ಪತ್ತು ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಮಕ್ಕಳಾಗಿದ್ದವರ ನೆನಪಿನಲ್ಲಿ ಇಂಥ ಪ್ರವಾಸ ಶುರುವಾಗುವುದು ಹಿಂದಿನ ರಾತ್ರಿಯ ಅಡುಗೆಮನೆಯಿಂದ. ಪುಳಿಯೋಗರೆ ಗೊಜ್ಜು ಕುದಿಯಬೇಕು, ಮೊಸರನ್ನಕ್ಕೆ ಹಾಲಿಗೆ ಹೆಪ್ಪು ಹಾಕಬೇಕು, ನಿಪ್ಪಟ್ಟು ಕೋಡುಬಳೆಯ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಹಾಗೆ ಇಡಬೇಕು. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮಾಗಡಿಯ ಕೆಂಪು ಬಸ್ಸು ಅಥವಾ ಮೈಸೂರಿನ ಕಡೆಯ ಪ್ಯಾಸೆಂಜರ್ ರೈಲು. ಆಗಿನ ಮೀಟರ್ ಗೇಜ್ ರೈಲಿನ ಕಿಟಕಿಯಿಂದ ರಾಮನಗರದ ಬಂಡೆಗಳು ನಿಧಾನವಾಗಿ ತಿರುಗುತ್ತಾ ಬರುತ್ತಿದ್ದುದನ್ನು ಬಹಳ ಜನ ಇಂದಿಗೂ ಹೇಳುತ್ತಾರೆ. ನೀರಿನ ಬಾಟಲಿ ಕೊಳ್ಳುವ ಕಾಲವಲ್ಲ. ತಾಮ್ರದ ಅಥವಾ ಪ್ಲಾಸ್ಟಿಕ್ ಕೂಜವೊಂದನ್ನು ಮನೆಯ ಹಿರಿಯ ಮಗ ಹೊರಬೇಕಿತ್ತು. ಬೆಟ್ಟ ಹತ್ತಿದ ಸುಖದಷ್ಟೇ ಕೂಜ ಹೊತ್ತ ಕಷ್ಟವೂ ನೆನಪಿನಲ್ಲಿ ಉಳಿದಿದೆ.

ಸಾವನದುರ್ಗ ಈ ಎಲ್ಲ ಕೋಟೆಗಳಲ್ಲಿ ಹಿರಿದು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರ, ನಡುವೆ ಆಳವಾದ ಸೀಳು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು ಎಂದು ಹೆಸರು. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಹೆಚ್ಚಿನ ಮನೆಮಂದಿ ಮೊದಲು ಕೈಮುಗಿದು, ಆಮೇಲೆ ಚಪ್ಪಲಿ ಬಿಗಿಮಾಡಿಕೊಂಡು ಬೆಟ್ಟಕ್ಕೆ ತಿರುಗುತ್ತಾರೆ. ಮೆಟ್ಟಿಲುಗಳಿಲ್ಲ. ಬಂಡೆಯ ಮೈಮೇಲೆ ಬಾಣದ ಗುರುತು ಹಿಡಿದು, ಇಳಿಜಾರಿನಲ್ಲಿ ಬಾಗಿ, ಕೆಲವೆಡೆ ಕೈಯೂರಿ ಹತ್ತಬೇಕು. ಹತ್ತು ವರ್ಷ ದಾಟಿದ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಹತ್ತುತ್ತಾರೆ. ಐದಾರು ವರ್ಷದವರನ್ನು ಮೊದಲ ಗೋಡೆಯವರೆಗೆ ಕರೆದೊಯ್ದು ಅಲ್ಲೇ ಕೂರಿಸುವುದು ಲೇಸು. ಮಳೆ ಬಿದ್ದ ದಿನ ಯಾರನ್ನೂ ಹತ್ತಿಸಬಾರದು, ಪಾಚಿಗಟ್ಟಿದ ಬಂಡೆ ಹಿಡಿತ ಕೊಡುವುದಿಲ್ಲ. ಈಗ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಹಿಂದಿನಂತೆ ಮನಸ್ಸು ಬಂದಾಗ ಹೋಗಿ ಹತ್ತುವಂತಿಲ್ಲ.

ಈ ಹತ್ತುವಿಕೆಯೇ ಕೋಟೆಯ ಪಾಠ. ಅರ್ಧ ದಾರಿಯಲ್ಲಿ ಉಸಿರು ಬಿಡುತ್ತಾ ಕುಳಿತ ಮಗುವಿಗೆ, ಇದೇ ಜಾಗದಲ್ಲಿ ಬಂದೂಕು ಹೊತ್ತವನು ಹತ್ತಬೇಕಿದ್ದರೆ, ಮೇಲಿನಿಂದ ಕಲ್ಲು ಉರುಳಿಸುವವರಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ ಸಾಕು. ದುರ್ಗ ಅಂದರೇನೆಂದು ಪಠ್ಯಪುಸ್ತಕದ ಮೂರು ಸಾಲು ಹೇಳಲಾಗದ್ದನ್ನು ಆ ಮೊಣಕಾಲು ಹೇಳಿರುತ್ತದೆ. ಬಾಗಿಲ ಬಳಿ ದಾರಿ ಯಾಕೆ ಥಟ್ಟನೆ ತಿರುಗುತ್ತದೆ, ಗೋಡೆ ಯಾಕೆ ಬಂಡೆಯ ಸೀಳಿನ ಬಾಯಲ್ಲಿ ಮಾತ್ರ ಇದೆ, ದೊಣೆಯ ನೀರಿಗೆ ಯಾಕೆ ಅಷ್ಟು ಬೆಲೆ ಎಂಬುದನ್ನು ಹತ್ತಿದವರು ತಾವಾಗಿಯೇ ಊಹಿಸುತ್ತಾರೆ. ಶಾಂಬೋರ್‌ನಂಥ ಅರಮನೆಯಲ್ಲಿ ನೋಡಲು ಬೇಕಾದಷ್ಟು ಇದೆ, ಆದರೆ ಮೈ ಬಗ್ಗಿಸಿ ಅರಿಯಬೇಕಾದದ್ದು ಕಡಿಮೆ.

ಇಷ್ಟು ಗಟ್ಟಿಯಾದ ದುರ್ಗ ಬಿದ್ದ ಕಥೆಯನ್ನೂ ಮಕ್ಕಳಿಗೆ ಇಲ್ಲೇ ಹೇಳಬೇಕು. ಬೆಂಗಳೂರನ್ನು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಕಳೆದುಕೊಂಡ ಮೇಲೆ ಕೆಂಪೇಗೌಡರ ಮನೆತನ ಮಾಗಡಿಯನ್ನು ನೆಲೆ ಮಾಡಿಕೊಂಡಿತು, ಸಾವನದುರ್ಗ ಅವರ ಬಲವಾಯಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ದುರ್ಗವನ್ನೂ ವಶಪಡಿಸಿಕೊಂಡರು. ಮನೆತನದ ಕೊನೆಯ ಒಡೆಯ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಮುಂದೆ ಟಿಪ್ಪುವಿನ ಕಾಲದಲ್ಲಿ, 1791ರ ಡಿಸೆಂಬರಿನಲ್ಲಿ, ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೈನ್ಯ ಶ್ರೀರಂಗಪಟ್ಟಣದ ದಾರಿಯನ್ನು ತೆರವು ಮಾಡಿಕೊಳ್ಳಲು ಇಲ್ಲಿಗೆ ಬಂತು. ಸುತ್ತಲೂ ಮೈಲುಗಟ್ಟಲೆ ಬಿದಿರು ಮೆಳೆಗಳ ಕಾಡು. ತೋಪುಗಳನ್ನು ಬಂಡೆ ಪೊದೆಗಳ ಮೇಲೆ ಎಳೆದು ತರಲು ಆನೆಗಳು ಬೇಕಾದವು. ಕೆಲವು ದಿನ ಗುಂಡು ಹಾರಿಸಿ ಗೋಡೆ ಒಡೆದ ಮೇಲೆ ಡಿಸೆಂಬರ್ 21ರಂದು ದಾಳಿ ನಡೆಯಿತು. ಕೆಳಗಿನ ಕಾವಲಿನವರು ಮೇಲಿನ ಕೋಟೆಯತ್ತ ಓಡಿದರು, ಬೆನ್ನಟ್ಟಿದವರು ಅವರ ಹಿಂದೆಯೇ ಒಳಹೊಕ್ಕರು. ಒಂದು ಗಂಟೆಯೊಳಗೆ ಎಲ್ಲ ಮುಗಿದಿತ್ತು. ದಾಳಿ ಮಾಡಿದವರ ಕಡೆ ಗಾಯಗೊಂಡವನು ಒಬ್ಬನೇ ಸಿಪಾಯಿ ಎಂದು ಬ್ರಿಟಿಷರ ಯುದ್ಧವರದಿಗಳು ಬರೆದಿವೆ. ಆ ದಂಡಯಾತ್ರೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಸಾವನದುರ್ಗದ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಅಚ್ಚಾದವು. ಆ ಚಿತ್ರ ಹಿಡಿದು ನಿಂತರೆ ಬೆಟ್ಟದ ಆಕಾರ ಈಗಲೂ ಹಾಗೇ ಇದೆ; ಕಾಡು ಮಾತ್ರ ತೆಳ್ಳಗಾಗಿದೆ.

ಯುದ್ಧದ ಕಥೆ ಮಕ್ಕಳಿಗೆ ಹತ್ತಿರವಾಗುವುದು ಅದರ ಮುಂದಿನ ಭಾಗದಲ್ಲಿ. ಸಾವನದುರ್ಗ ಬಿದ್ದ ಎರಡು ತಿಂಗಳಿಗೆ ಶ್ರೀರಂಗಪಟ್ಟಣದ ಮುತ್ತಿಗೆ, ಸಂಧಿಯ ಮಾತು. ಕೊನೆಗೆ 1792ರ ಫೆಬ್ರವರಿಯಲ್ಲಿ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ದೊಡ್ಡವನಿಗೆ ಹತ್ತರ ಆಸುಪಾಸು, ಚಿಕ್ಕವನಿಗೆ ಎಂಟು. ಅಷ್ಟೇ ವಯಸ್ಸಿನ ಕೇಳುಗರು ಇಲ್ಲಿ ನಿಪ್ಪಟ್ಟು ತಿನ್ನುವುದನ್ನು ನಿಲ್ಲಿಸಿ, ಆಮೇಲೆ ಅವರು ಮನೆಗೆ ಬಂದರಾ ಎಂದು ಕೇಳುತ್ತಾರೆ. ಬಂದರು, 1794ರಲ್ಲಿ.

ಮಾಗಡಿ ಊರಿನಲ್ಲೇ ನೆಲದ ಮೇಲಿನ ಕೋಟೆಯೊಂದಿದೆ, ಸೋಮೇಶ್ವರನ ಗುಡಿ ಇದೆ, ತಿರುಮಲೆಯಲ್ಲಿ ರಂಗನಾಥಸ್ವಾಮಿ ಇದ್ದಾನೆ. ಹತ್ತಲಾಗದ ಅಜ್ಜಿಯಂದಿರನ್ನೂ ಕೂಸುಗಳನ್ನೂ ಜೊತೆಗೆ ಕರೆದುಕೊಂಡು ಬಂದವರಿಗೆ ಇವೇ ಸರಿ. ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಎಂದು 2015ರಲ್ಲಿ ಗುರುತಿಸಿದ ಸ್ಥಳಕ್ಕೂ ಶಾಲೆಯ ಮಕ್ಕಳು ಬರತೊಡಗಿದ್ದಾರೆ. ಬೆಂಗಳೂರಿನ ವಿಮಾನ ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೋ ನಿಲ್ದಾಣಗಳ ಮೇಲೆ ದಿನವೂ ಓದುವ ಹೆಸರಿನ ಒಡೆಯನಿಗೆ ಒಂದು ಊರು, ಒಂದು ಸಮಾಧಿ ಇದೆ ಎಂಬುದು ನಗರದ ಮಕ್ಕಳಿಗೆ ಹೊಸ ಸುದ್ದಿ. ಹತ್ತಿರದ ಮಂಚನಬೆಲೆ ಜಲಾಶಯ ಊಟಕ್ಕೆ ಕೂರಲು ಚೆಂದ, ನೀರಿಗೆ ಇಳಿಯಲು ಅಲ್ಲ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ರಾಮನಗರದ ರಾಮದೇವರ ಬೆಟ್ಟವೂ ಕೋಟೆಯೇ. ರಾಮಗಿರಿ ಎಂಬ ಹೆಸರಿನಲ್ಲಿ ಅದೂ 1791ರ ಡಿಸೆಂಬರಿನಲ್ಲೇ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಕಾರ್ನ್‌ವಾಲಿಸ್‌ನ ಪಾಲಾಯಿತು. ಆದರೆ ಇದನ್ನು ಕೇಳುವ ಸಹನೆ ಎಂಬತ್ತರ ದಶಕದ ಯಾವ ಮಗುವಿಗೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಗಬ್ಬರ್ ಸಿಂಗ್ ಓಡಾಡಿದ ಬಂಡೆ. ರಮೇಶ್ ಸಿಪ್ಪಿಯ 'ಶೋಲೆ' ಇಲ್ಲಿ 1973ರ ಅಕ್ಟೋಬರಿನಿಂದ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡಿತು. ಬೆಟ್ಟದ ಬುಡದಲ್ಲಿ ರಾಮಗಢವೆಂಬ ಇಡೀ ಊರನ್ನೇ ಕಟ್ಟಿದ್ದರು, ಕೆಲಸ ಮುಗಿದ ಮೇಲೆ ಕಳಚಿ ಒಯ್ದರು. ಮನೆ, ಬೀದಿ, ನೀರಿನ ಟ್ಯಾಂಕು ಹುಡುಕಿಕೊಂಡು ಬಂದ ಮಕ್ಕಳಿಗೆ ಸಿಕ್ಕಿದ್ದು ಬರೀ ಬಂಡೆ. ಅದು ಸಾಕಾಗಿತ್ತು. ಎರಡು ವರ್ಷವೂ ಬಾಳದ ಸಿನಿಮಾದ ಊರು, ಇನ್ನೂರು ವರ್ಷದ ಹಿಂದಿನ ನಿಜವಾದ ಮುತ್ತಿಗೆಯನ್ನು ಜನರ ಬಾಯಿಂದ ಪೂರ್ತಿ ಅಳಿಸಿಹಾಕಿದ್ದು ಬೇಸರದ ವಿಷಯವೇ. ಆದರೂ ಬೆಟ್ಟಕ್ಕೆ ಮಕ್ಕಳನ್ನು ಎಳೆದು ತಂದದ್ದು ಕಾರ್ನ್‌ವಾಲಿಸ್ ಅಲ್ಲ, ಗಬ್ಬರ್ ಎಂಬುದನ್ನು ಒಪ್ಪಬೇಕು. ಡೇವಿಡ್ ಲೀನ್ ಕೂಡ 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಈ ಸೀಮೆಯ ಬಂಡೆಗಳನ್ನು ಬಳಸಿಕೊಂಡಿದ್ದ. ಆ ಚಿತ್ರವನ್ನು ಮಾತ್ರ ಯಾವ ಮಗುವೂ ಕೇಳಿಕೊಂಡು ಬರಲಿಲ್ಲ.

ಈಗ ಇದೇ ಬೆಟ್ಟಕ್ಕೆ ಬರುವ ಮಕ್ಕಳು ಮೊದಲು ಕೇಳುವುದು ರಣಹದ್ದನ್ನು. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಉದ್ದಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಮಾಡುತ್ತವೆ. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವನ್ನು ಕೊಂದುಹಾಕಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು, ಅಷ್ಟರಲ್ಲಿ ಕಾಲ ಮೀರಿತ್ತು. ರಾಮದೇವರ ಬೆಟ್ಟದಲ್ಲಿ ಉಳಿದವು ಬೆರಳೆಣಿಕೆಯಷ್ಟು. ನೂರಾರು ಮೆಟ್ಟಿಲು ಹತ್ತಿ ಪಟ್ಟಾಭಿರಾಮನ ಗುಡಿಯ ಬಳಿ ದುರ್ಬೀನು ಹಿಡಿದು ನಿಂತ ಎಷ್ಟೋ ಕುಟುಂಬಗಳು ಹದ್ದು ಕಾಣದೆ ಇಳಿದಿವೆ. ಸೀತೆಗಾಗಿ ಕಾದಾಡಿದ ಜಟಾಯುವಿನ ಕಥೆಯನ್ನು ಇಲ್ಲಿ ಹೇಳದ ಅಜ್ಜಿ ಇಲ್ಲ, ಆ ಕಥೆ ಕೇಳಿದ ಮಕ್ಕಳಿಗೆ ರಣಹದ್ದು ಹೇಸಿಗೆಯ ಹಕ್ಕಿ ಅನ್ನಿಸುವುದೂ ಇಲ್ಲ.

ಬೆಟ್ಟದಿಂದ ಇಳಿದು ಹೆದ್ದಾರಿಗೆ ಬಂದರೆ ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಹಳ್ಳಿ ಹಳ್ಳಿ ಸುತ್ತಿ ಕೂಡಿಹಾಕಿದ ವಸ್ತುಗಳಿಗೆ ಹದಿನೈದು ಎಕರೆಯಲ್ಲಿ ಮಾಡಿದ ಮನೆ ಇದು, 1994ರಲ್ಲಿ ತೆರೆಯಿತು. ಬೀಸುವ ಕಲ್ಲು, ಒರಳು ಒನಕೆ, ಮೀನು ಹಿಡಿಯುವ ಕೂಳಿ, ಮರದ ಗಾಣ, ಸೋಮನ ಕುಣಿತದ ದೊಡ್ಡ ಮುಖವಾಡ, ತೊಗಲು ಗೊಂಬೆ, ಯಕ್ಷಗಾನದ ಕಿರೀಟ. ತೊಂಬತ್ತರ ದಶಕದಲ್ಲಿ ಬಂದ ಮಕ್ಕಳ ಅಜ್ಜಿಯಂದಿರು ಇವುಗಳಲ್ಲಿ ಅರ್ಧದಷ್ಟನ್ನು ಸ್ವತಃ ಬಳಸಿದವರು. ಗಾಜಿನ ಹಿಂದಿನ ವಸ್ತುವನ್ನು ನೋಡಿ "ನಮ್ಮಮ್ಮನ ಮನೇಲಿ ಇಂಥದ್ದೇ ಇತ್ತು" ಎಂದು ಅವರು ಶುರು ಮಾಡಿದರೆ ಮಾರ್ಗದರ್ಶಿಯ ಕೆಲಸ ಮುಗಿದಂತೆ. ಈಗಿನ ಅಜ್ಜಿಯಂದಿರು ಮಿಕ್ಸಿಯ ಕಾಲದವರು. ಫಲಕ ಓದಿ ಹೇಳುತ್ತಾರೆ. ಈ ಸಂಗ್ರಹಾಲಯದ ಬೆಲೆ ನಿಜವಾಗಿ ತಿಳಿಯುತ್ತಿರುವುದು ಈಗಲೇ. ಮಕ್ಕಳಿಗೆ ಬಹಳ ಹಿಡಿಸುವುದು ಮಾತ್ರ ಹಿಂದಿನಂತೆ ಈಗಲೂ ಮುಖವಾಡಗಳು, ಸ್ವಲ್ಪ ಹೆದರಿಸುತ್ತವೆ ಎಂಬ ಕಾರಣಕ್ಕೆ.

ಬಿಡದಿಯ ವಂಡರ್‌ಲಾ 2005ರಲ್ಲಿ ತೆರೆದ ಮೇಲೆ ಈ ದಾರಿಯ ಪ್ರವಾಸದ ಲೆಕ್ಕಾಚಾರ ಬದಲಾಯಿತು. ಮಕ್ಕಳು ಅದಕ್ಕೇ ಹಟ ಹಿಡಿಯುತ್ತಾರೆ, ತಂದೆತಾಯಂದಿರು ಬೆಟ್ಟಕ್ಕೂ ಬಂದರೆ ಅಲ್ಲಿಗೂ ಹೋಗೋಣ ಎಂದು ಚೌಕಾಸಿ ಮಾಡುತ್ತಾರೆ. ಎರಡೂ ಒಂದೇ ದಿನ ಆಗುವುದಿಲ್ಲ. ನೀರಾಟದ ದಿನ ಪೂರ್ತಿ ಅಲ್ಲೇ ಕಳೆಯುವುದು ಒಳ್ಳೆಯದು. ಬಿಡದಿಯ ತಟ್ಟೆ ಇಡ್ಲಿ ಬೆಣ್ಣೆ ಮಾತ್ರ ಎರಡಕ್ಕೂ ಹೊಂದುತ್ತದೆ.

ಚನ್ನಪಟ್ಟಣಕ್ಕೆ ಕೋಟೆ ಇತ್ತು. 1577ರಲ್ಲಿ ಪೆನುಕೊಂಡೆಯನ್ನು ಕಾದುಕೊಟ್ಟದ್ದಕ್ಕೆ ವಿಜಯನಗರದ ಅರಸರಿಂದ ಈ ಸೀಮೆ ಪಡೆದ ಜಗದೇವರಾಯನ ರಾಜಧಾನಿ ಇದು. 1630ರಲ್ಲಿ ಮೈಸೂರಿನ ಒಡೆಯರು ಗೆದ್ದುಕೊಂಡರು. ಮಕ್ಕಳನ್ನು ಕರೆದುಕೊಂಡು ಬರುವವರು ಕೋಟೆಯನ್ನು ಹುಡುಕುವುದಿಲ್ಲ, ಗೊಂಬೆ ಹುಡುಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಏಕೆಂದರೆ ಇಲ್ಲಿ ಉಳಿದುಬಂದಿರುವ ಹಳೆಯ ವೈಭವ ಅದೇ. ಅರಗಿನ ಬಣ್ಣದ ಈ ಮರಗೆಲಸವನ್ನು ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳಿಂದ ಕಲಿಸಿದ ಎಂಬುದು ಊರಿನ ನಂಬಿಕೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆಗಳ ತಂತ್ರವನ್ನು ತಂದು ಕಸುಬಿಗೆ ಹೊಸ ರೂಪ ಕೊಟ್ಟರು. 2006ರ ಹೊತ್ತಿಗೆ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅಂಗಡಿಗಿಂತ ಮಕ್ಕಳನ್ನು ಕರೆದೊಯ್ಯಬೇಕಾದದ್ದು ಕೆಲಸದ ಮನೆಗೆ. ಒಣಗಿಸಿದ ಆಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತದೆ, ಉಳಿ ತಾಗಿದೊಡನೆ ಬಿಳಿ ಹೊಟ್ಟು ಸುರುಳಿ ಸುರುಳಿಯಾಗಿ ಹಾರುತ್ತದೆ. ಕ್ಷಣದಲ್ಲಿ ಬುಗುರಿಯ ಹೊಟ್ಟೆಯೋ ಗೊಂಬೆಯ ತಲೆಯೋ ಮೂಡುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ, ಕುಂಚ ಬೇಕಿಲ್ಲ, ಒಣಗಲು ಕಾಯಬೇಕಿಲ್ಲ. ಕೇದಗೆ ಜಾತಿಯ ಒಣಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಿಸಿನ, ನೀಲಿಯಂಥ ಗಿಡಮೂಲದ ಬಣ್ಣ ಹಾಕಿದ ಗಿಲಕಿಯನ್ನು ಕೂಸು ಬಾಯಿಗಿಟ್ಟುಕೊಂಡರೂ ಹೆದರಬೇಕಿಲ್ಲ. ಫ್ರಾನ್ಸಿನ ಗೆದೆಲೋನ್ ಎಂಬಲ್ಲಿ 1997ರಿಂದ ಹದಿಮೂರನೇ ಶತಮಾನದ ವಿಧಾನದಲ್ಲೇ ಹೊಸ ಕೋಟೆಯೊಂದನ್ನು ಕಟ್ಟುತ್ತಿದ್ದಾರೆ. ಕಲ್ಲುಕುಟಿಗರು, ಕಮ್ಮಾರರು ಆ ಕಾಲದ ಉಡುಪು ತೊಟ್ಟು ಮಾಡುವ ಕೆಲಸವನ್ನು ಮಕ್ಕಳು ಟಿಕೆಟ್ ಕೊಂಡು ನೋಡುತ್ತಾರೆ. ಅದು ಒಳ್ಳೆಯ ಪಾಠಶಾಲೆ. ಚನ್ನಪಟ್ಟಣದ ಕೆಲಸಗಾರ ಯಾವ ಕಾಲದ ಉಡುಪನ್ನೂ ತೊಟ್ಟಿರುವುದಿಲ್ಲ, ಅವನಿಗೆ ಸಂಜೆಯೊಳಗೆ ಆರ್ಡರ್ ಮುಗಿಸಬೇಕಿರುತ್ತದೆ. ನೋಡಲು ಬಂದ ಮಗುವಿನ ಕೈಗೆ ಒಂದು ಬುಗುರಿ ಕೊಟ್ಟು ಅವನು ಮತ್ತೆ ಲೇತಿಗೆ ತಿರುಗುತ್ತಾನೆ.

ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸಾಲಾಗಿದ್ದ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸದೆ ಮುಂದೆ ಹೋಗುವುದು ಮಕ್ಕಳಿರುವ ಯಾವ ಮನೆಯವರಿಗೂ ಸಾಧ್ಯವಿರಲಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹಾಯುತ್ತದೆ. ಮೈಸೂರು ಬೇಗ ಬರುತ್ತದೆ. ಗೊಂಬೆ ಅಂಗಡಿ, ತಟ್ಟೆ ಇಡ್ಲಿ ಹೋಟೆಲುಗಳ ವ್ಯಾಪಾರ ಕುಗ್ಗಿತು. ಈಗ ಚನ್ನಪಟ್ಟಣಕ್ಕೆ ಬೇಕೆಂದೇ ಇಳಿದು ಬರಬೇಕು. ಹಾಗೆ ಬಂದವರು ಎರಡು ಮೈಲು ಮುಂದೆ ದೊಡ್ಡ ಮಳೂರಿಗೂ ಹೋಗುತ್ತಾರೆ. ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಡುವ ನವನೀತ ಕೃಷ್ಣನಿದ್ದಾನೆ, ಪುರಂದರದಾಸರ 'ಜಗದೋದ್ಧಾರನ' ಹುಟ್ಟಿದ್ದು ಇವನನ್ನು ಕಂಡು ಎಂಬ ಪ್ರತೀತಿ ಇದೆ. ಮಕ್ಕಳಿಲ್ಲದವರು ಹರಕೆ ಹೊತ್ತು ಒಪ್ಪಿಸಿದ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಂಡ ಮಕ್ಕಳಿಗೆ ಅವು ಆಟದ ಸಾಮಾನು. ಹರಕೆ ಫಲಿಸಿ ಹುಟ್ಟಿದವರೇ ಎಷ್ಟೋ ಸಲ ಆ ಗುಂಪಿನಲ್ಲಿರುತ್ತಾರೆ.

ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಜನ ಬರುವುದು ಬುಡದಲ್ಲಿರುವ ಕಬ್ಬಾಳಮ್ಮನಿಗೆ. ಮನೆದೇವರ ಒಕ್ಕಲಿನವರು ಮಕ್ಕಳ ಮುಡಿ ತೆಗೆಸುವುದಕ್ಕೂ ಹರಕೆ ತೀರಿಸುವುದಕ್ಕೂ ಸೇರುತ್ತಾರೆ. ಹಿಂದಿರುವ ಕಡಿದಾದ ಬಂಡೆಯನ್ನು ತಲೆಯೆತ್ತಿ ನೋಡಿ ಹೊರಡುವವರೇ ಹೆಚ್ಚು. ಹೈದರ್, ಟಿಪ್ಪು ಕಾಲದಲ್ಲಿ ಆ ತುದಿ ಸೆರೆಮನೆಯಾಗಿತ್ತು. ನೀರು, ಹವೆ ಎರಡೂ ಕೆಟ್ಟವೆಂದು ಹೆಸರಾಗಿದ್ದ ಜಾಗ. ಅಲ್ಲಿಗೆ ಕಳಿಸುವುದು ಅರ್ಧ ಮರಣದಂಡನೆ. ಬಂಡೆಗೆ ಕಡಿದ ಪಾವಟಿಗೆಗಳನ್ನು ಹಿಡಿದು ಮೇಲೇರಿದ ದೊಡ್ಡ ಮಕ್ಕಳಿಗೆ, ಇಲ್ಲಿ ಸೆರೆಯಾಳಿಗೆ ಬೀಗ ಹಾಕಬೇಕಾಗಿಯೇ ಇರಲಿಲ್ಲ ಎಂಬುದು ಹೇಳದೆಯೇ ಹೊಳೆಯುತ್ತದೆ. ಚಿಕ್ಕ ಮಕ್ಕಳಿಗೆ ಈ ಬೆಟ್ಟ ಖಂಡಿತ ಬೇಡ.

ಕಂಕಾನಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ಕನಕಪುರದ ಸ್ವಂತ ಕೋಟೆಯನ್ನು ಜಗದೇವರಾಯನೇ ಕಟ್ಟಿಸಿದನೆಂದೂ, ಬ್ರಿಟಿಷರಿಗೆ ಆಸರೆಯಾಗಬಾರದೆಂದು ಟಿಪ್ಪು ಅದನ್ನು ಕೆಡವಿಸಿದನೆಂದೂ ಹಳೆಯ ಗೆಜೆಟಿಯರ್ ಹೇಳುತ್ತದೆ. ಊರು ದಾಟುವ ಕುಟುಂಬಗಳು ಅದನ್ನು ಕೇಳುವುದೂ ಇಲ್ಲ. ಅವರ ಲಕ್ಷ್ಯವೆಲ್ಲ ಸಂಗಮ ಮತ್ತು ಮೇಕೆದಾಟಿನ ಮೇಲೆ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಲ್ಲಿ ಮಕ್ಕಳನ್ನು ಮಧ್ಯದಲ್ಲಿ ಕೂರಿಸಿ ಹರಿಗೋಲು ದಾಟುವುದು, ಆಚೆ ದಡದಲ್ಲಿ ಲಟಾರಿ ಬಸ್ಸು ಹತ್ತಿ ನಾಲ್ಕು ಕಿಲೋಮೀಟರ್ ಕುಲುಕಾಡುತ್ತಾ ಹೋಗುವುದು, ಕಾವೇರಿ ಕಿರಿದಾದ ಬಂಡೆಗಳ ನಡುವೆ ನುಗ್ಗುವುದನ್ನು ಮೇಲಿನಿಂದ ನೋಡುವುದು. ಇಲ್ಲಿನ ಬಂಡೆಯಂಚು ನುಣುಪು, ನೀರು ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸುಳಿ. ಮಕ್ಕಳ ಕೈ ಬಿಡುವಂತಿಲ್ಲ. ಮಳೆಗಾಲದಲ್ಲಿ ನೀರು ಏರಿದರೆ ಹರಿಗೋಲು ನಿಲ್ಲುತ್ತದೆ. ವಿಚಾರಿಸದೆ ಬಂದವರು ಸಂಗಮದ ದಡದಲ್ಲೇ ಡಬ್ಬಿ ಬಿಚ್ಚಿ, ಉಂಡು, ಕತ್ತಲಾಗುವ ಮೊದಲು ಕನಕಪುರದ ಬಸ್ಸು ಹಿಡಿಯುತ್ತಾರೆ.